ಓದುಗರ ಪ್ರಶ್ನೆ – ನಮ್ಮ ಉತ್ತರ: ಚೌಕದ ಮೇಲೆ ಗುಮ್ಮಟ ಕೂರುವುದು ಹೇಗೆ?

ಹಿಂದಿನ ಸಂಚಿಕೆಯಲ್ಲಿ ವಿಜಯಪುರದ ಶಾಲಾ ಪ್ರವಾಸವನ್ನು ಕುರಿತ ಬರಹವೊಂದು ಪ್ರಕಟವಾದ ಮೇಲೆ ಸುಲ್ತಾನರ ಗೋರಿಗಳ ಬಗ್ಗೆ ಪತ್ರಗಳು ಬರತೊಡಗಿದವು. ಸೊಲ್ಲಾಪುರ ಮತ್ತು ಸಾಂಗಲಿ ಜಿಲ್ಲೆಗಳ ಗಡಿಯ ಕನ್ನಡಿಗರು ಗೋಲಗುಮ್ಮಟವನ್ನು ಬೇರೆ ರಾಜ್ಯದ ಸ್ಮಾರಕವೆಂದು ಎಣಿಸುವುದಿಲ್ಲ. ಮದುವೆಗೆ, ಸಂತೆಗೆ, ಆಸ್ಪತ್ರೆಗೆ ಹೋಗಿ ಬರುವಾಗ ಬಸ್ಸಿನ ಕಿಟಕಿಯಿಂದ ಕಾಣುವ ಗುರುತು ಅದು. ದಿನವೂ ಕಂಡದ್ದನ್ನೇ ಕುರಿತು ಕೇಳುವ ಪ್ರಶ್ನೆಗಳಿಗೆ ಒಂದು ಬಿಗಿ ಇರುತ್ತದೆ. ಹಾಗಾಗಿ ಈ ಸಲದ ಅಂಕಣವನ್ನು ಪೂರ್ತಿಯಾಗಿ ಈ ಒಂದೇ ವಿಷಯಕ್ಕೆ ಮೀಸಲಿಟ್ಟಿದ್ದೇನೆ.

ಪ್ರಶ್ನೆ: ನಾನು ಜತ್ತ ತಾಲೂಕಿನ ಕನ್ನಡ ಶಾಲೆಯೊಂದರಲ್ಲಿ ಶಿಕ್ಷಕಿ. ಆರನೆಯ ತರಗತಿಯ ಮಕ್ಕಳನ್ನು ಗೋಲಗುಮ್ಮಟಕ್ಕೆ ಕರೆದೊಯ್ದಾಗ ಹುಡುಗಿಯೊಬ್ಬಳು, “ಅಕ್ಕೋರೆ, ಕೆಳಗ ಚೌಕ ಐತಿ, ಮ್ಯಾಲ ದುಂಡಗೈತಿ, ನಡುವ ಮೂಲಿ ಎಲ್ಲಿ ಹೋದುವು?” ಎಂದು ಕೇಳಿದಳು. ನಡುವೆ ಒಂದೂ ಕಂಬವಿಲ್ಲವೆಂದು ಹೇಳಿ ಜಾರಿಕೊಂಡೆ. ಆಕೆಗೆ ಏನು ಹೇಳಬೇಕಾಗಿತ್ತು?
– ಓದುಗರು, ಉಮದಿ

ಉತ್ತರ: ನಿಮ್ಮ ವಿದ್ಯಾರ್ಥಿನಿ ಕೇಳಿರುವುದು ಗುಮ್ಮಟ ಕಟ್ಟುವ ಗೌಂಡಿಗಳೆಲ್ಲ ತಮ್ಮನ್ನು ತಾವು ಕೇಳಿಕೊಂಡ ಪ್ರಶ್ನೆ. ಮಾರ್ಗದರ್ಶಿಗಳು ನಮ್ಮ ಕತ್ತನ್ನು ಮೇಲಕ್ಕೆತ್ತಿಸಿ ಗುಮ್ಮಟದ ನೆತ್ತಿಯನ್ನು ತೋರಿಸುತ್ತಾರೆ. ನನ್ನನ್ನು ಕೇಳಿದರೆ ಗೋರಿಯೊಳಗೆ ಕಾಲಿಟ್ಟವರು ಮೊದಲು ನೋಡಬೇಕಾದದ್ದು ಮೂಲೆಯನ್ನು, ಏಕೆಂದರೆ ಕಟ್ಟಿದವನ ಬುದ್ಧಿಯೆಲ್ಲ ಖರ್ಚಾಗಿರುವುದು ಅಲ್ಲಿಯೇ.

ತರಗತಿಯಲ್ಲಿ ಹೀಗೆ ಮಾಡಿ ತೋರಿಸಬಹುದು. ನಾಲ್ಕು ಪಟ್ಟಿಗಳನ್ನು ಜೋಡಿಸಿ ಚೌಕಟ್ಟೊಂದನ್ನು ಮಾಡಿ, ಅದರ ಮೇಲೆ ದುಂಡು ತಳದ ಕೊಡವೊಂದನ್ನು ಇಡಿ. ಕೊಡವು ನಾಲ್ಕು ಬದಿಗಳ ನಡುಮಧ್ಯದಲ್ಲಿ ಮಾತ್ರ ಪಟ್ಟಿಗೆ ತಾಗುತ್ತದೆ, ನಾಲ್ಕು ಮೂಲೆಗಳು ತೆರೆದೇ ಉಳಿಯುತ್ತವೆ. ಗುಮ್ಮಟದ ಮೊದಲನೆಯ ತೊಡಕು ಇದು. ಎರಡನೆಯದು ಕಣ್ಣಿಗೆ ಕಾಣುವುದಿಲ್ಲ: ಕಲ್ಲಿನ ಅಥವಾ ಇಟ್ಟಿಗೆಯ ಗುಮ್ಮಟ ತನ್ನ ಭಾರವನ್ನು ನೇರ ಕೆಳಕ್ಕಷ್ಟೇ ಇಳಿಸುವುದಿಲ್ಲ, ಬುಡದಲ್ಲಿ ಹೊರಕ್ಕೂ ತಳ್ಳುತ್ತದೆ. ಕಣದಲ್ಲಿ ಸುರಿದ ಜೋಳದ ರಾಶಿ ಮೇಲಿಂದ ಇನ್ನಷ್ಟು ಸುರಿದಂತೆ ಬುಡದಲ್ಲಿ ಹರಡಿಕೊಳ್ಳುವುದನ್ನು ನಿಮ್ಮ ಮಕ್ಕಳು ನೋಡಿರುತ್ತಾರೆ. ಬಂಡಿಯ ಗಾಲಿಗೆ ಬಿಗಿಯುವಂತೆ ಕಬ್ಬಿಣದ ಪಟ್ಟಿ ಬಿಗಿಯದೆ ಈ ಹರಡುವಿಕೆಯನ್ನು ಗೋಡೆಗಳಿಂದಲೇ ತಡೆಯುವುದು ಹೇಗೆಂಬುದು ಎರಡನೆಯ ಪ್ರಶ್ನೆ.

ಮೂಲೆಯ ತೊಡಕಿಗೆ ಹಳೆಯ ಪರಿಹಾರವೊಂದು ಇಸ್ಲಾಮಿಗಿಂತ ಮುಂಚೆಯೇ ಇರಾನಿನಲ್ಲಿತ್ತು. ಪ್ರತಿ ಮೂಲೆಗೂ ಅಡ್ಡಲಾಗಿ ಒಂದೊಂದು ಕಮಾನು ಕಟ್ಟಿದರೆ ಚೌಕದ ನಾಲ್ಕು ಬದಿಗಳು ಎಂಟಾಗುತ್ತವೆ. ಎಂಟು ಮೂಲೆಯ ಆಕೃತಿ ವೃತ್ತಕ್ಕೆ ಬಹಳ ಹತ್ತಿರ. ಆ ಎಂಟನ್ನು ಮತ್ತೆ ಹದಿನಾರು ಮಾಡಿದರೆ ಮೇಲೆ ಸಿಂಬೆಯಿಟ್ಟಂತೆ ಒಂದು ದುಂಡು ಸುತ್ತು ಸಿಗುತ್ತದೆ, ಅದರ ಮೇಲೆ ಗುಮ್ಮಟ ಕೊಡದಂತೆ ಕೂರುತ್ತದೆ. ಸಸಾನಿ ದೊರೆ ಅರ್ದಶೀರನು ಮೂರನೆಯ ಶತಮಾನದಲ್ಲಿ ಫಿರೂಜಾಬಾದಿನಲ್ಲಿ ಕಟ್ಟಿಸಿದ ಅರಮನೆಯಲ್ಲಿ ಈ ಮೂಲೆಗಮಾನುಗಳಿವೆ. ರಾಜರ ಗೋರಿಯಲ್ಲಿ ಇದನ್ನು ಚೆಲುವಾಗಿ ಬಳಸಿದ ಬಹು ಹಳೆಯ ಉದಾಹರಣೆ ಮಧ್ಯ ಏಷ್ಯಾದ ಬುಖಾರಾದಲ್ಲಿರುವ ಸಾಮಾನಿ ದೊರೆಗಳ ಗೋರಿ. ಅದು ಹತ್ತನೆಯ ಶತಮಾನದ್ದು. ಒಂದೊಂದು ಬದಿ ಸುಮಾರು 11 ಮೀಟರಿನ ಪುಟ್ಟ ಕಟ್ಟಡ. ಬಣ್ಣದ ಹೆಂಚಾಗಲಿ ಗಿಲಾವೆಯಾಗಲಿ ಇಲ್ಲದೆ, ಸುಟ್ಟ ಇಟ್ಟಿಗೆಗಳನ್ನೇ ಅಡ್ಡ, ಉದ್ದ, ಓರೆ ಇಟ್ಟು ಬುಟ್ಟಿ ಹೆಣೆದಂತೆ ಗೋಡೆಯನ್ನು ಹೆಣೆದಿದ್ದಾರೆ. ಎರಡು ಶತಮಾನಗಳ ಬಳಿಕ, ಸುಮಾರು 1157ರಲ್ಲಿ, ಅದೇ ಮಧ್ಯ ಏಷ್ಯಾದ ಮರ್ವ್ ನಗರದಲ್ಲಿ ಸೆಲ್ಜುಕ್ ಸುಲ್ತಾನ ಸಂಜರನಿಗಾಗಿ ಕಟ್ಟಿದ ಗೋರಿಯಲ್ಲಿ ಇದೇ ಉಪಾಯ 17 ಮೀಟರು ಅಗಲದ ಗುಮ್ಮಟವನ್ನು ಹೊತ್ತಿತು.

ಮೂಲೆಯ ಗೊಡವೆಯೇ ಬೇಡವೆಂದು ತಪ್ಪಿಸಿಕೊಂಡವರೂ ಇದ್ದರು. ಕ್ಯಾಸ್ಪಿಯನ್ ಸಮುದ್ರದ ಆಗ್ನೇಯಕ್ಕೆ, ಇಂದಿನ ಇರಾನಿನಲ್ಲಿ, ಕಾಬೂಸ್ ಎಂಬ ದೊರೆ 1006–07ರಲ್ಲಿ ತನಗಾಗಿ ಕಟ್ಟಿಸಿಕೊಂಡದ್ದು ಗುಮ್ಮಟದ ಕೋಣೆಯನ್ನಲ್ಲ, ಸುಮಾರು 53 ಮೀಟರು ಎತ್ತರದ ಒಂಟಿ ಗೋಪುರವನ್ನು. ಒಳಗೆ ದುಂಡು, ಹೊರಗೆ ಹತ್ತು ಚೂಪು ಏಣುಗಳು, ನೆತ್ತಿಯ ಮೇಲೆ ಮೊನೆಯಾದ ಶಂಕುವಿನಂಥ ಮಾಡು. ಚೌಕವೇ ಇಲ್ಲದಲ್ಲಿ ಮೂಲೆ ಎಲ್ಲಿಂದ ಬಂದೀತು? ಇರಾನನ್ನು ಆಳಿದ ಇಲ್ಖಾನಿ ಮಂಗೋಲ ದೊರೆ ಓಲ್ಜೈತು ಸುಲ್ತಾನಿಯಾ ನಗರದಲ್ಲಿ 1302ರಿಂದ 1312ರ ನಡುವೆ ಕಟ್ಟಿಸಿದ ಗೋರಿ ನಡುದಾರಿ ಹಿಡಿಯಿತು. ಅಲ್ಲಿ ನೆಲದಿಂದಲೇ ಕಟ್ಟಡಕ್ಕೆ ಎಂಟು ಬದಿಗಳು. ಚೌಕದಿಂದ ಎಂಟಕ್ಕೆ ಹೋಗುವ ಕಷ್ಟ ಅಡಿಪಾಯದಲ್ಲಿಯೇ ತೀರಿತು. ಸುಮಾರು 25 ಮೀಟರು ಅಗಲದ, ನೆಲದಿಂದ 50 ಮೀಟರು ಎತ್ತರಕ್ಕೇರುವ ಇಟ್ಟಿಗೆಯ ಗುಮ್ಮಟಕ್ಕೆ ಹೊರಗೆ ನವಿಲುನೀಲಿ ಹೆಂಚಿನ ಹೊದಿಕೆ. ಅದರ ಬುಡದ ಸುತ್ತ, ಎಂಟು ಮೂಲೆಗಳಲ್ಲಿ ಎಂಟು ಮಿನಾರುಗಳು.

ದೆಹಲಿಗೆ ಈ ವಿದ್ಯೆ ಬಂದಾಗ ಇಲ್ಲಿಯ ಶಿಲ್ಪಿಗಳ ಕೈಗೆ ಅದು ಹೊಸದು. ಕಲ್ಲಿನ ಮೇಲೆ ಕಲ್ಲನ್ನು ಸ್ವಲ್ಪ ಸ್ವಲ್ಪವೇ ಮುಂದೆ ಚಾಚಿ ಮೂಲೆಯನ್ನು ಮುಚ್ಚುವುದು ನಮ್ಮ ದೇವಾಲಯಗಳ ಭುವನೇಶ್ವರಿಯ, ಅಂದರೆ ಕೆತ್ತನೆಯ ಒಳಛಾವಣಿಯ, ಪದ್ಧತಿ. ಸುಮಾರು 1235ರ ಇಲ್ತುತ್ಮಿಷನ ಗೋರಿಯ ಮೂಲೆಗಳಲ್ಲಿರುವವು ನೋಡಲು ಕಮಾನುಗಳಾದರೂ ಕಟ್ಟಿದ್ದು ಈ ಹಳೆಯ ಕೈಚಳಕದಲ್ಲಿ. ಮೇಲಿನ ಗುಮ್ಮಟ ಇಂದು ಉಳಿದಿಲ್ಲ. ಕಲ್ಲುಗಳು ಬೀಸಣಿಗೆಯಂತೆ ಹರಡಿ ಒಂದನ್ನೊಂದು ಒತ್ತಿ ನಿಲ್ಲುವ ನಿಜವಾದ ಕಮಾನು ಭಾರತದಲ್ಲಿ ಮೊದಲಿಗೆ ಕಾಣುವುದು 1287ರಲ್ಲಿ ತೀರಿಕೊಂಡ ಬಲ್ಬನನ ಗೋರಿಯಲ್ಲಿ ಎಂದು ಸಾಮಾನ್ಯವಾಗಿ ಹೇಳುತ್ತಾರೆ. ಅಲ್ಲಿಂದ ಅರವತ್ತು ವರ್ಷಗಳಲ್ಲಿ ಅದೇ ವಿದ್ಯೆ ದೆಹಲಿಯ ತುಘಲಕರ ಮೂಲಕ ಕಲಬುರಗಿಗೆ ಬಂದಿತು.

ಇನ್ನು ವಿಜಯಪುರಕ್ಕೆ ಬರೋಣ. ಮುಹಮ್ಮದ್ ಆದಿಲ್ ಷಾ ಆಳಿದ್ದು 1627ರಿಂದ 1656ರವರೆಗೆ. ಆ ಆಳಿಕೆಯ ಉದ್ದಕ್ಕೂ ಆತನ ಗೋರಿಯ ಕೆಲಸ ನಡೆಯಿತು. ಒಳಗಿನ ಚೌಕದ ಒಂದೊಂದು ಬದಿ 135 ಅಡಿ. ಮೂಲೆಗೆ ಒಂದೊಂದೇ ಕಮಾನು ಕಟ್ಟುವ ಹಳೆಯ ಉಪಾಯವನ್ನು ಇಷ್ಟು ದೊಡ್ಡ ಚೌಕಕ್ಕೆ ಹಿಗ್ಗಿಸಿದ್ದರೆ ಆ ನಾಲ್ಕು ಕಮಾನುಗಳಿಗೇ ಇನ್ನೊಂದು ಆಧಾರ ಬೇಕಾಗುತ್ತಿತ್ತೋ ಏನೋ. ಆದಿಲಶಾಹಿ ಗೌಂಡಿಗಳು ಬೇರೆ ದಾರಿ ಹಿಡಿದರು. ನಿಮ್ಮ ಹುಡುಗಿಗೆ ಸುಣ್ಣದ ಕಡ್ಡಿ ಕೊಟ್ಟು ಅಂಗಳದಲ್ಲಿ ದೊಡ್ಡದೊಂದು ವೃತ್ತ ಬರೆಯಲು ಹೇಳಿ. ವೃತ್ತದ ಮೇಲೆ ಸಮ ದೂರದಲ್ಲಿ ಎಂಟು ಚುಕ್ಕಿ ಇಟ್ಟು, ಒಂದು ಬಿಟ್ಟು ಒಂದು ಚುಕ್ಕಿಯನ್ನು ಗೆರೆ ಎಳೆದು ಸೇರಿಸಿದರೆ ಒಂದರ ಮೇಲೊಂದು ತಿರುಗಿಸಿಟ್ಟ ಎರಡು ಚೌಕಗಳು ಸಿಗುತ್ತವೆ. ರಂಗೋಲಿ ಬಲ್ಲ ಮಕ್ಕಳಿಗೆ ಇದು ಹೊಸದೇನೂ ಅಲ್ಲ. ಈಗ ಆ ಎಂಟು ಗೆರೆಗಳಲ್ಲಿ ಪ್ರತಿಯೊಂದೂ ನೆಲದ ಗೆರೆಯಲ್ಲ, ಗೋಡೆಯಿಂದ ಗೋಡೆಗೆ ಹಾರಿದ ಒಂದೊಂದು ಎತ್ತರದ ಕಮಾನು ಎಂದು ಭಾವಿಸಿಕೊಳ್ಳಿ. ಗೆರೆಗಳು ಒಂದನ್ನೊಂದು ಕತ್ತರಿಸುವ ಕಡೆಗಳಲ್ಲಿ ಕಮಾನುಗಳೂ ಒಂದನ್ನೊಂದು ಕತ್ತರಿಸಿ, ಹೆಣೆದುಕೊಂಡು, ಕೈಗೆ ಕೈ ಕೊಟ್ಟು ನಿಲ್ಲುತ್ತವೆ. ನಡುವೆ ಉಳಿಯುವುದು ಎಂಟು ಬದಿಯ ಬಯಲು. ಮೂಲೆಗಳು ಹೋದದ್ದು ಈ ಹೆಣಿಗೆಯೊಳಕ್ಕೆ.

ನೆಲದಿಂದ ಸುಮಾರು 57 ಅಡಿ ಎತ್ತರದಲ್ಲಿ ಕೋಣೆ ಈ ಬಗೆಯಲ್ಲಿ ಕಿರಿದಾಗತೊಡಗಿ, ಸುಮಾರು 109 ಅಡಿ ಎತ್ತರದಲ್ಲಿ 97 ಅಡಿ ಅಗಲದ ದುಂಡು ಬಾಯಾಗಿ ಕೊನೆಗೊಳ್ಳುತ್ತದೆ. ಗುಮ್ಮಟದ ಒಳ ಅಗಲವಾದರೋ 124 ಅಡಿಗೂ ಸ್ವಲ್ಪ ಹೆಚ್ಚು. ಈ ಎರಡು ಅಂಕಿಗಳನ್ನು ಮತ್ತೊಮ್ಮೆ ನೋಡಬೇಕು. ಗುಮ್ಮಟವನ್ನು ಬಾಯಿಯ ಅಂಚಿನ ಮೇಲೆ ಕೂರಿಸಿಲ್ಲ, ಸುತ್ತಲೂ ಹದಿಮೂರು ಅಡಿಗೂ ಹೆಚ್ಚು ಹಿಂದಕ್ಕೆ ಸರಿಸಿ ಕೂರಿಸಿದ್ದಾರೆ. ಹಾಗೆ ಮುಂದೆ ಉಳಿದ ಸುತ್ತುಗಟ್ಟೆಯೇ ನಿಮ್ಮ ಮಕ್ಕಳು ಪಿಸುಗುಟ್ಟಿ, ಚಪ್ಪಾಳೆ ತಟ್ಟಿ, ಕೂಗಿ ಬಂದ ಮೊಗಸಾಲೆ. ಪ್ರವಾಸಿಗರಿಗೆ ಅದು ಪ್ರತಿಧ್ವನಿಯ ಸೋಜಿಗ. ಕಟ್ಟಿದವನಿಗೆ ಅದು ಎರಡನೆಯ ತೊಡಕಿನ ಉತ್ತರ. ಒಳಕ್ಕೆ ಚಾಚಿ ನಿಂತ ಆ ಹೆಣಿಗೆಯ ಗಾರೆಕಲ್ಲಿನ ಭಾರವೆಲ್ಲ ಒಳಮುಖವಾಗಿ ಜಗ್ಗುತ್ತದೆ, ಹಿಂದೆ ಕುಳಿತ ಗುಮ್ಮಟ ಹೊರಮುಖವಾಗಿ ತಳ್ಳುತ್ತದೆ. ಹಗ್ಗದ ಎರಡು ತುದಿಗಳನ್ನು ಸಮಬಲದವರಿಬ್ಬರು ಹಿಡಿದೆಳೆದರೆ ನಡುವಿನ ಗಂಟು ಅಲ್ಲಾಡದೆ ನಿಲ್ಲುವಂತೆ, ಈ ಎರಡು ಬಲಗಳ ನಡುವೆ ಗೋಡೆ ನಿಂತಿದೆ. ಗುಮ್ಮಟದ ದಪ್ಪ ಬುಡದಲ್ಲಿ ಸುಮಾರು 10 ಅಡಿ; ಇಟ್ಟಿಗೆಯನ್ನು ಸುಣ್ಣದ ಗಾರೆಯಲ್ಲಿ ಸುತ್ತುಸುತ್ತಾಗಿ ಇಟ್ಟು ಕಟ್ಟಿದ್ದು. ಗೋಡೆಗಳು ನಮ್ಮ ಸೀಮೆಯ ಕರಿಕಲ್ಲು, ಇಟ್ಟಿಗೆ ಮತ್ತು ಗಾರೆಯವು.

ಈ ಹೆಣಿಗೆ ಗೋಲಗುಮ್ಮಟದಲ್ಲಿ ಏಕಾಏಕಿ ಹುಟ್ಟಿದ್ದಲ್ಲ ಎಂಬುದನ್ನೂ ಮಕ್ಕಳಿಗೆ ಹೇಳಿ. ಅದೇ ಊರಿನ ಜಾಮಿಯಾ ಮಸೀದಿ ಒಂದನೆಯ ಅಲಿ ಆದಿಲ್ ಷಾನ ಕಾಲದ್ದು, ಅಂದರೆ ಹದಿನಾರನೆಯ ಶತಮಾನದ್ದು. ಅದರ ನಡುಗುಮ್ಮಟದ ಕೆಳಗೆ ನಿಂತು ಮೇಲೆ ನೋಡಿದರೆ ಇದೇ ರಂಗೋಲಿ ಚಿಕ್ಕದಾಗಿ ಕಾಣುತ್ತದೆ. ಪ್ರವಾಸದ ಬಸ್ಸುಗಳು ಸಾಮಾನ್ಯವಾಗಿ ಮೊದಲು ಗೋಲಗುಮ್ಮಟಕ್ಕೆ ಹೋಗಿ, ಹೊತ್ತು ಉಳಿದರೆ ಮಸೀದಿಗೆ ಹೋಗುತ್ತವೆ. ಮುಂದಿನ ವರ್ಷ ಮಸೀದಿಯನ್ನು ಮೊದಲು ತೋರಿಸಿ. ಪಾಠ ತಾನಾಗಿಯೇ ಆಗುತ್ತದೆ.

ಪ್ರಶ್ನೆ: ಗೋಲಗುಮ್ಮಟ ಜಗತ್ತಿನ ಎರಡನೆಯ ಅತಿ ದೊಡ್ಡ ಗುಮ್ಮಟವೆಂದು ಶಾಲೆಯಲ್ಲಿ ಬಾಯಿಪಾಠ ಮಾಡಿದ್ದೆವು. ಅದು ನಿಜವೇ?
– ಓದುಗರು, ಮಂದ್ರೂಪ

ಉತ್ತರ: ಅಗಲವನ್ನೇ ಅಳತೆಗೋಲು ಮಾಡಿಕೊಂಡರೆ ನಿಜವಲ್ಲ. ಗೋಲಗುಮ್ಮಟದ ಒಳ ಅಗಲ ಸುಮಾರು 38 ಮೀಟರು. ರೋಮಿನ ಪ್ಯಾಂಥಿಯಾನ್ ಎರಡನೆಯ ಶತಮಾನದ್ದು, ಅಗಲ 43 ಮೀಟರಿಗೂ ಹೆಚ್ಚು. ಫ್ಲಾರೆನ್ಸಿನ ಪ್ರಧಾನ ಚರ್ಚಿನ ಗುಮ್ಮಟ 1436ರಲ್ಲಿಯೂ ರೋಮಿನ ಸಂತ ಪೀಟರನ ಚರ್ಚಿನದು 1590ರಲ್ಲಿಯೂ ಮುಗಿದವು. ಅವೆರಡರ ಅಗಲವೂ 40 ಮೀಟರಿಗಿಂತ ಹೆಚ್ಚು. ಹಾಗಾಗಿ 1656ರಲ್ಲಿಯೇ ಗೋಲಗುಮ್ಮಟಕ್ಕಿಂತ ಅಗಲವಾದ ಗುಮ್ಮಟಗಳು ಮೂರಾದರೂ ಇದ್ದವು.

ಆದರೂ ಒಂದು ಲೆಕ್ಕದಲ್ಲಿ ಅದು ಪ್ಯಾಂಥಿಯಾನನ್ನೂ ಮೀರಿಸುತ್ತದೆ, ಆ ಲೆಕ್ಕ ಸ್ವಾರಸ್ಯವಾದದ್ದು. 135 ಅಡಿ ಬದಿಯ ಚೌಕದ ನೆಲ 18,225 ಚದರ ಅಡಿಯಾಗುತ್ತದೆ, ಅಷ್ಟೂ ನೆಲ ಒಂದೇ ಗುಮ್ಮಟದ ಕೆಳಗೆ ಕಂಬವಿಲ್ಲದೆ ಮುಚ್ಚಿಕೊಂಡಿದೆ. ಪ್ಯಾಂಥಿಯಾನಿನ ದುಂಡು ನೆಲ ಸುಮಾರು 15,800 ಚದರ ಅಡಿ. ಆದರೆ ಗೋಲಗುಮ್ಮಟದ ಗುಮ್ಮಟದ ವೃತ್ತವನ್ನಷ್ಟೇ ನೆಲದ ಮೇಲೆ ಇಳಿಸಿ ಅಳೆದರೆ ಸಿಗುವುದು ಸುಮಾರು 12,150 ಚದರ ಅಡಿ ಮಾತ್ರ. ಮಿಕ್ಕ ಆರು ಸಾವಿರ ಚದರ ಅಡಿ ಎಲ್ಲಿಂದ ಬಂದಿತು? ಉಮದಿಯ ಹುಡುಗಿ ಕೇಳಿದ ಆ ಮೂಲೆಗಳಿಂದ, ಮತ್ತು ಹೆಣಿಗೆಯ ಕೆಳಗಿನ ಅಂಚುಗಳಿಂದ. ಬಾಯಿಪಾಠವನ್ನು ತಿದ್ದುವುದಾದರೆ “ಎರಡನೆಯದು” ಎನ್ನುವುದನ್ನು ಬಿಟ್ಟು ಇದನ್ನೇ ಕಲಿಸುವುದು ಒಳ್ಳೆಯದು.

ಪ್ರಶ್ನೆ: ಗೋರಿಗಳ ಒಳಗೆ ಕಟ್ಟೆಯ ಮೇಲೆ ಕಾಣುವವು ನಿಜವಾದ ಸಮಾಧಿಗಳಲ್ಲವೆಂದು ಯಾರೋ ಹೇಳಿದರು. ಹಾಗಾದರೆ ಅವು ಏನು? ಎಲ್ಲ ಗೋರಿಗಳೂ ಉತ್ತರ–ದಕ್ಷಿಣವಾಗಿಯೇ ಏಕೆ ಇರುತ್ತವೆ? ಇಸ್ಲಾಮಿನಲ್ಲಿ ಸಮಾಧಿಯ ಮೇಲೆ ಕಟ್ಟಡ ಕಟ್ಟಬಾರದೆಂಬ ಮಾತೂ ಇದೆಯಲ್ಲ?
– ಓದುಗರು, ಅಕ್ಕಲಕೋಟೆ

ಉತ್ತರ: ನೀವು ಕೇಳಿದ್ದು ಸರಿ. ದೇಹವನ್ನು ಮಣ್ಣಿನಲ್ಲಿಯೇ ಇಡಬೇಕಾದ್ದರಿಂದ ದೊಡ್ಡ ಗೋರಿಗಳಲ್ಲಿ ನಿಜವಾದ ಸಮಾಧಿ ಕೆಳಗಿನ ನೆಲಮಾಳಿಗೆಯಲ್ಲಿರುತ್ತದೆ. ಮೇಲೆ ನೇರವಾಗಿ ಅದೇ ಜಾಗದ ಮೇಲೆ ಇಟ್ಟಿರುವ ಕಲ್ಲು ಅದರ ಗುರುತು, ಬಂದವರು ಫಾತಿಹಾ ಓದುವುದಕ್ಕೆ. ಗೋಲಗುಮ್ಮಟದ ಕಟ್ಟೆಯ ಮೇಲೆ ಸುಲ್ತಾನ, ಆತನ ಇಬ್ಬರು ಪತ್ನಿಯರು, ಮಗಳು, ಮೊಮ್ಮಗ ಹಾಗೂ ರಂಭಾ ಎಂಬ ನರ್ತಕಿಯ ಗುರುತುಗಲ್ಲುಗಳಿವೆ. ದಖ್ಖನಿನ ಗೋರಿಗಲ್ಲುಗಳಲ್ಲಿ ಸಾಮಾನ್ಯವಾಗಿ ಗಂಡಸರದ್ದರ ಮೇಲೆ ಉದ್ದಕ್ಕೂ ಒಂದು ಏರು ದಿಂಡು ಇರುತ್ತದೆ, ಹೆಂಗಸರದ್ದು ಹಲಗೆಯಂತೆ ಚಪ್ಪಟೆ. ನಿಮ್ಮ ಊರಿನ ಹಳೆಯ ದರ್ಗಾದ ಆವರಣದಲ್ಲಿಯೂ ಇದನ್ನು ಗಮನಿಸಬಹುದು.

ದಿಕ್ಕಿನ ಕಾರಣ ಸರಳ. ತೀರಿಕೊಂಡವರನ್ನು ಬಲಮಗ್ಗುಲಾಗಿ, ಮುಖ ಮಕ್ಕಾದ ಕಡೆಗಿರುವಂತೆ ಮಲಗಿಸುತ್ತಾರೆ. ಮಕ್ಕಾ ನಮಗೆ ಪಶ್ಚಿಮಕ್ಕಿರುವುದರಿಂದ ತಲೆ ಉತ್ತರಕ್ಕೆ, ಕಾಲು ದಕ್ಷಿಣಕ್ಕೆ ಬರುತ್ತದೆ. ಅದೇ ಸಮಾಧಿ ಇಸ್ತಾಂಬುಲಿನಲ್ಲಿದ್ದರೆ ದಿಕ್ಕು ಬೇರೆಯಾಗುತ್ತಿತ್ತು, ಏಕೆಂದರೆ ಅಲ್ಲಿಗೆ ಮಕ್ಕಾ ದಕ್ಷಿಣದ ಕಡೆಗಿದೆ. ಗೋರಿಗೆ ಹೊಂದಿಕೊಂಡ ಮಸೀದಿಯನ್ನು ವಿಜಯಪುರದಲ್ಲಿ ಪಶ್ಚಿಮಕ್ಕೆ ಕಟ್ಟಿರುವುದೂ ಇದೇ ಕಾರಣಕ್ಕೆ. ಗೋಲಗುಮ್ಮಟದ ಪಶ್ಚಿಮದ ಮಸೀದಿಯನ್ನು ಬಹಳ ಜನ ನೋಡದೆಯೇ ಬರುತ್ತಾರೆ.

ಮೂರನೆಯ ಮಾತಿನಲ್ಲಿಯೂ ಹುರುಳಿದೆ. ಸಮಾಧಿ ನೆಲಕ್ಕೆ ಸಮವಾಗಿರಬೇಕು, ಅದರ ಮೇಲೆ ಆಡಂಬರದ ಕಟ್ಟಡವಿರಬಾರದು ಎಂಬ ಅಭಿಪ್ರಾಯ ಇಸ್ಲಾಮಿನ ಆರಂಭಕಾಲದಿಂದಲೂ ಇದೆ. ರಾಜರು ಅದನ್ನು ಎಲ್ಲ ಕಾಲದಲ್ಲಿಯೂ ಪಾಲಿಸಲಿಲ್ಲ. ಒಂಬತ್ತನೆಯ ಶತಮಾನದಲ್ಲಿ ಇರಾಕಿನ ಸಮಾರಾದಲ್ಲಿ ಕಟ್ಟಿದ ಎಂಟು ಮೂಲೆಯ ಕಟ್ಟಡವೊಂದನ್ನು ಉಳಿದಿರುವ ಮೊದಲ ಗೋರಿಗಳಲ್ಲಿ ಒಂದೆಂದು ಹಲವು ವಿದ್ವಾಂಸರು ಗುರುತಿಸುತ್ತಾರೆ. ಅಲ್ಲಿಂದ ಮುಂದೆ ಪೂರ್ವದ ಕಡೆ, ಇರಾನ್, ಮಧ್ಯ ಏಷ್ಯಾ, ಭಾರತಗಳಲ್ಲಿ, ಗೋರಿ ಎಂಬುದು ಕೋಟೆ–ಅರಮನೆಗಳಂತೆ ದೊರೆತನದ ಒಂದು ಅಂಗವೇ ಆಯಿತು. ಭಾರತದಲ್ಲಿ ಉಳಿದಿರುವ ಮೊದಲನೆಯ ದೊಡ್ಡ ಗೋರಿ ದೆಹಲಿಯ ಸುಲ್ತಾನ್ ಗಢಿ, 1231ರದ್ದು, ಇಲ್ತುತ್ಮಿಷನು ತನ್ನ ಮಗನಿಗಾಗಿ ಕಟ್ಟಿಸಿದ್ದು. ಇನ್ನು ಗೋಲಗುಮ್ಮಟ ಮುಗಿದ ಮೂವತ್ತು ವರ್ಷಗಳಿಗೆ, 1686ರಲ್ಲಿ, ವಿಜಯಪುರವನ್ನು ಗೆದ್ದುಕೊಂಡ ಔರಂಗಜೇಬನ ಸಮಾಧಿ ನಿಮ್ಮದೇ ರಾಜ್ಯದ ಖುಲ್ದಾಬಾದಿನಲ್ಲಿದೆ. ಅದರ ಮೇಲೆ ಗುಮ್ಮಟವಿಲ್ಲ, ತೆರೆದ ಆಕಾಶವಿದೆ.

ಪ್ರಶ್ನೆ: ನಮ್ಮ ತಳಂಗರೆಯ ಮಾಲಿಕ್ ದೀನಾರ್ ಮಸೀದಿ ಬಹಳ ಪುರಾತನವೆಂದು ಹೆಸರಾದದ್ದು. ಆದರೆ ಅದರಲ್ಲಿ ಗುಮ್ಮಟವಿಲ್ಲ, ಇಳಿಜಾರು ಮಾಡು ಮತ್ತು ಮರದ ಕೆಲಸವೇ ಪ್ರಧಾನ. ಕರಾವಳಿಯಲ್ಲಿ ವಿಜಯಪುರದಂತಹ ಗೋರಿಗಳು ಏಕಿಲ್ಲ?
– ಓದುಗರು, ಕಾಸರಗೋಡು

ಉತ್ತರ: ಮಳೆ ಮತ್ತು ಅರಸೊತ್ತಿಗೆ, ಈ ಎರಡು ಕಾರಣಗಳನ್ನು ಹೇಳಬಹುದು, ನನಗೆ ಎರಡನೆಯದು ಹೆಚ್ಚು ಮುಖ್ಯವೆನಿಸುತ್ತದೆ. ನಿಮ್ಮಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ, ವಿಜಯಪುರದಲ್ಲಿ 600ರ ಆಸುಪಾಸು. ಆಟಿಯ ಮಳೆ ಸುರಿಯುವ ನಾಡಿನಲ್ಲಿ ನೀರು ನಿಲ್ಲದೆ ಜಾರಿಹೋಗುವ ಮಾಡು, ಗೋಡೆಯನ್ನು ನೆನೆಯಗೊಡದಂತೆ ಹೊರಚಾಚಿದ ಸೂರು ಬೇಕು. ಮುರಕಲ್ಲು ಮತ್ತು ಮರ ಧಾರಾಳವಾಗಿರುವಲ್ಲಿ ಅದನ್ನು ಕಟ್ಟುವ ಆಚಾರಿಗಳ ಕೌಶಲವೂ ಬೆಳೆದಿರುತ್ತದೆ. ಮಸೀದಿ ಕಟ್ಟಿಸಿದವರು ಮನೆ ಮತ್ತು ದೇವಸ್ಥಾನ ಕಟ್ಟುತ್ತಿದ್ದ ಅದೇ ಕೈಗಳಿಂದ ಕಟ್ಟಿಸಿದರು. ಕೋಯಿಕ್ಕೋಡಿನ ಮಿಸ್ಕಾಲ್ ಮಸೀದಿಯೂ ಹೀಗೆಯೇ ಅಂತಸ್ತು ಅಂತಸ್ತಾದ ಮರದ ಮಾಡಿನದು.

ಆದರೆ ಗುಮ್ಮಟವಿಲ್ಲದಿರುವುದಕ್ಕೆ ಮಳೆಯನ್ನೇ ದೂರಬೇಕಾಗಿಲ್ಲ, ಗಾರೆ ಬಳಿದ ಗುಮ್ಮಟ ಮಳೆಯನ್ನೂ ತಡೆಯಬಲ್ಲದು. ಕರಾವಳಿಗೆ ಇಸ್ಲಾಂ ಬಂದದ್ದು ವ್ಯಾಪಾರಿಗಳ ಹಡಗಿನಲ್ಲಿ, ಸುಲ್ತಾನರ ದಂಡಿನ ಜೊತೆಗಲ್ಲ. ದೊಡ್ಡ ಗೋರಿ ಕಟ್ಟಲು ಆಳುವ ಮನೆತನವೊಂದು, ಅದರ ಬೊಕ್ಕಸ, ಇರಾನಿನ ಕಡೆಯಿಂದ ಬಂದವರಿಗೆ ಆಶ್ರಯ ಕೊಡುವ ಆಸ್ಥಾನ, ಎಲ್ಲಕ್ಕಿಂತ ಹೆಚ್ಚಾಗಿ ತನ್ನ ಹೆಸರು ದೂರದಿಂದಲೇ ಕಾಣಬೇಕೆಂಬ ದೊರೆಯ ಹಂಬಲ ಬೇಕು. ತಳಂಗರೆಯ ಮಸೀದಿಯಲ್ಲಿ ಜನ ನೆನೆಯುವುದು ಧರ್ಮ ತಂದವರನ್ನು, ರಾಜನನ್ನಲ್ಲ.

ಪ್ರಶ್ನೆ: ವಿಜಯಪುರದ ಇಬ್ರಾಹಿಂ ರೋಜಾದ ಹೊರಗೆ ಗುಮ್ಮಟ ಕಾಣುತ್ತದೆ, ಒಳಗೆ ಹೋದರೆ ಮೇಲ್ಛಾವಣಿ ಚಪ್ಪಟೆಯಾಗಿದೆ. ಗುಮ್ಮಟ ಎಲ್ಲಿ ಹೋಯಿತು?
– ಓದುಗರು, ಆದವಾನಿ

ಉತ್ತರ: ಚಪ್ಪಟೆ ಛಾವಣಿಯ ಮೇಲೆ ಇನ್ನೊಂದು ಖಾಲಿ ಕೋಣೆಯಿದೆ, ಗುಮ್ಮಟ ಅದರ ಮೇಲಿದೆ. ಎರಡನೆಯ ಇಬ್ರಾಹಿಂ ಆದಿಲ್ ಷಾನ (ಆಳಿಕೆ 1580–1627) ಈ ಗೋರಿಯಲ್ಲಿ ಹೊರಗಿನ ಅಂದಕ್ಕೂ ಒಳಗಿನ ಅಳತೆಗೂ ಸಂಬಂಧ ಕಡಿದಿದ್ದಾರೆ. ಹೊರಗಿನಿಂದ ನೋಡುವವರಿಗೆ ಕಮಲದ ದಳಗಳಿಂದ ಮೊಗ್ಗಿನಂತೆ ಮೇಲೇಳುವ ಎತ್ತರದ ಗುಮ್ಮಟ ಬೇಕು. ಒಳಗೆ 40 ಅಡಿಯ ಕೋಣೆಯ ಮೇಲೆ ಅದು ನೇರವಾಗಿ ತೆರೆದರೆ ಕೋಣೆ ಬಾವಿಯಂತೆ ಕಾಣುತ್ತದೆ. ಆದ್ದರಿಂದ ನಾಲ್ಕೂ ಕಡೆಯ ಅಂಚನ್ನು ಬಾಗಿಸಿ ಒಳತಂದು, ನಡುವಿನಲ್ಲಿ ಕಲ್ಲಿನ ಚಪ್ಪಡಿಗಳನ್ನು ಅಂಚಿಗೆ ಅಂಚು ಕೂಡಿಸಿ ತೂಗುಬಿಟ್ಟಿದ್ದಾರೆ. ಕೆಳಗಿನಿಂದ ನೋಡಿದರೆ ತೊಲೆಯೂ ಇಲ್ಲ, ಕಂಬವೂ ಇಲ್ಲ. ಅದನ್ನು ಹಿಡಿದಿರುವುದು ಗಾರೆಯ ಬಲ; ಆದಿಲಶಾಹಿ ಸುಣ್ಣ ಕಲ್ಲಿಗಿಂತ ಗಟ್ಟಿ ಎನ್ನುವ ಹಳಬರ ಮಾತನ್ನು ಇಲ್ಲಿ ಒಪ್ಪಬೇಕಾಗುತ್ತದೆ. ಮಲಿಕ್ ಸಂದಲ್ ಎಂಬಾತ ಈ ಕೆಲಸವನ್ನು ನಡೆಸಿದನೆಂದು ಅಲ್ಲಿಯ ಶಾಸನವೇ ಹೇಳುತ್ತದೆ. ಕಟ್ಟಿದವನ ಹೆಸರು ಹೀಗೆ ಗೋಡೆಯ ಮೇಲೆ ಉಳಿಯುವುದು ಅಪರೂಪ. ಕಿಟಕಿಗಳನ್ನೂ ಬಿಡದೆ ನೋಡಿ: ಜಾಲಂಧ್ರದ ತೂತುಗಳು ಹೂಬಳ್ಳಿಯವಲ್ಲ, ಅರಬ್ಬಿ ಅಕ್ಷರಗಳ ನಡುವಿನ ಬಯಲುಗಳು, ಬೆಳಕು ಅಕ್ಷರಗಳ ಸಂದಿಯಿಂದ ಒಳಗೆ ಬರುತ್ತದೆ. ಗಾತ್ರಕ್ಕೆ ಗೋಲಗುಮ್ಮಟವನ್ನು ಹೊಗಳುವವರು ಹೊಗಳಲಿ. ನನಗೆ ಎರಡರಲ್ಲಿ ಒಂದನ್ನು ಆರಿಸಿಕೊಳ್ಳೆಂದರೆ ರೋಜಾಕ್ಕೇ ನನ್ನ ಮತ.

ಪ್ರಶ್ನೆ: ವಿಜಯಪುರವನ್ನು ಹಲವು ಸಲ ನೋಡಿಯಾಗಿದೆ. ಕಲಬುರಗಿ, ಬೀದರಗಳ ಗೋರಿಗಳನ್ನು ನೋಡಬೇಕೆಂದಿದ್ದೇವೆ. ಯಾವುದನ್ನು, ಯಾವ ಕ್ರಮದಲ್ಲಿ ನೋಡಬೇಕು?
– ಓದುಗರು, ಸೊಲ್ಲಾಪುರ

ಉತ್ತರ: ಮೊದಲು ಕಲಬುರಗಿ, ಅಲ್ಲಿಂದ ಬೀದರ. ಚರಿತ್ರೆಯ ಕ್ರಮವೂ ಅದೇ, ರೈಲಿನ ಅನುಕೂಲವೂ ಅದೇ. ಕಲಬುರಗಿಯಲ್ಲಿ ಕೋಟೆಯ ಹತ್ತಿರ ಬಹಮನಿ ರಾಜ್ಯ ಸ್ಥಾಪಿಸಿದ ಅಲಾವುದ್ದೀನ್ ಹಸನನ ಗೋರಿಯನ್ನು ನೋಡಿ. ಆತ 1358ರಲ್ಲಿ ತೀರಿಕೊಂಡವನು. ಗೋಡೆಗಳು ಮೇಲೇರುತ್ತ ಒಳಕ್ಕೆ ವಾಲಿವೆ, ಗುಮ್ಮಟ ತಗ್ಗಾದದ್ದು, ಅಲಂಕಾರ ಇಲ್ಲವೆಂಬಷ್ಟು ಕಡಿಮೆ. ದೆಹಲಿಯ ತುಘಲಕರಿಂದ ಸಿಡಿದು ಬಂದವನು ಗೋರಿಯನ್ನು ಮಾತ್ರ ತುಘಲಕರಂತೆಯೇ ಕಟ್ಟಿಸಿಕೊಂಡ. ಆಮೇಲೆ ಊರಿನ ಪೂರ್ವಕ್ಕಿರುವ ಹಫ್ತ್ ಗುಂಬಜ್‌ಗೆ ಹೋಗಿ. ಅಲ್ಲಿಯ ಸಾಲಿನಲ್ಲಿ ದೊಡ್ಡದು 1422ರವರೆಗೆ ಆಳಿದ ಫಿರೋಜ್ ಷಾನದ್ದು. ಎರಡು ಚೌಕದ ಕೋಣೆಗಳು ಅಕ್ಕಪಕ್ಕ, ಎರಡು ಗುಮ್ಮಟಗಳು, ಹೊರಗೋಡೆಯಲ್ಲಿ ಎರಡಂತಸ್ತಿನ ಕಮಾನುಗೂಡುಗಳು. ಅರವತ್ತು ವರ್ಷಗಳಲ್ಲಿ ಗೋಡೆಗಳ ವಾಲುವಿಕೆ ಹೋಗಿ ಗಿಲಾವೆಯ ಕುಸುರಿ ಬಂದದ್ದು ಎರಡನ್ನೂ ಒಂದೇ ದಿನ ನೋಡಿದವರಿಗೆ ಮಾತ್ರ ಹೊಳೆಯುತ್ತದೆ.

ಫಿರೋಜನ ತಮ್ಮ ಅಹ್ಮದ್ ಷಾ ರಾಜಧಾನಿಯನ್ನು ಬೀದರಿಗೆ ಒಯ್ದ. ಬಹಮನಿಗಳ ಮುಂದಿನ ಗೋರಿಗಳೆಲ್ಲ ಬೀದರದ ಹೊರಗಿನ ಅಷ್ಟೂರಿನಲ್ಲಿ ಒಂದೇ ಸಾಲಾಗಿ ನಿಂತಿವೆ. ಅಹ್ಮದ್ ಷಾನ ಗೋರಿಯ ಒಳಗೋಡೆಯಲ್ಲಿ, ಗುಮ್ಮಟದಲ್ಲಿ ಚಿನ್ನದ ಬಣ್ಣ, ಕೆಂಪು, ನೀಲಿಗಳ ಚಿತ್ರಕೆಲಸ ಉಳಿದಿದೆ. ಇರಾನಿನ ಸೂಫಿ ಷಾ ನಿಅಮತುಲ್ಲಾನ ಪದ್ಯಗಳನ್ನು ಬರೆಸಿದ್ದಾರೆ. ಈ ಸುಲ್ತಾನನನ್ನು ಜನ ವಲಿ, ಅಂದರೆ ಸಂತ, ಎಂದು ಪೂಜಿಸುತ್ತಾರೆ, ಅವನ ಉರುಸಿಗೆ ಮಾಡ್ಯಾಳದಿಂದ ಜಂಗಮರು ಬಂದು ನಡೆಸಿಕೊಡುವ ಪದ್ಧತಿ ಇಂದಿಗೂ ಇದೆ. ಆ ಹೊತ್ತಿಗೆ ಹೋಗುವುದಾದರೆ ಕಟ್ಟಡದ ಜೊತೆಗೆ ಅದನ್ನೂ ನೋಡಿದಂತಾಗುತ್ತದೆ, ಆದರೆ ಗೋಡೆಯ ಚಿತ್ರಗಳನ್ನು ನೋಡಲು ಜನವಿಲ್ಲದ ದಿನವೇ ವಾಸಿ.

ಊರಿನ ಇನ್ನೊಂದು ಬದಿಯಲ್ಲಿ, ಬಹಮನಿಗಳ ಬಳಿಕ ಬೀದರವನ್ನು ಆಳಿದ ಬರೀದಶಾಹಿಗಳ ಗೋರಿಗಳಿವೆ. 1580ರಲ್ಲಿ ತೀರಿಕೊಂಡ ಅಲಿ ಬರೀದನ ಗೋರಿಗೆ ನಾಲ್ಕೂ ಕಡೆ ದೊಡ್ಡ ಕಮಾನುಗಳು ಬಾಗಿಲಿಲ್ಲದೆ ತೆರೆದಿವೆ, ಗಾಳಿ ಒಂದು ಕಡೆಯಿಂದ ಬಂದು ಇನ್ನೊಂದು ಕಡೆ ಹೋಗುತ್ತದೆ. ಗೋರಿಯೊಳಗೆ ಕತ್ತಲೆ ಇರಲೇಬೇಕೆಂಬ ನಮ್ಮ ಎಣಿಕೆಯನ್ನು ಅದು ಸುಳ್ಳು ಮಾಡುತ್ತದೆ.

ಅಷ್ಟೂರಿನಲ್ಲಿಯೇ ಇರುವ, ಸಾಮಾನ್ಯವಾಗಿ ಯಾರೂ ನಿಲ್ಲದ ಒಂದು ಗೋರಿಯ ಮುಂದೆ ಅರ್ಧ ಗಂಟೆ ನಿಲ್ಲಿ ಎಂಬುದು ನನ್ನ ಸಲಹೆ. 1458ರಿಂದ 1461ರವರೆಗೆ ಆಳಿದ, ಕ್ರೂರಿ ಎಂದೇ ಕುಖ್ಯಾತನಾದ ಹುಮಾಯೂನ್ ಬಹಮನಿಯ ಗೋರಿ ಅದು. ಸಿಡಿಲು ಬಡಿದು ಅದರ ಗುಮ್ಮಟ ಮತ್ತು ಗೋಡೆಯ ಒಂದು ಭಾಗ ಬಿದ್ದುಹೋಗಿದೆ, ಉಳಿದ ಭಾಗ ಕೊಯ್ದಿಟ್ಟ ಹಣ್ಣಿನ ಹೋಳಿನಂತೆ ತೆರೆದು ನಿಂತಿದೆ. ಗೋಡೆಯ ದಪ್ಪ, ಮೂಲೆಗಮಾನು ಎಲ್ಲಿ ಶುರುವಾಗುತ್ತದೆ, ಗುಮ್ಮಟದ ಇಟ್ಟಿಗೆಸಾಲು ಅದರ ಮೇಲೆ ಹೇಗೆ ಕೂತಿದೆ, ಎಲ್ಲವನ್ನೂ ಹೊರಗೆ ನಿಂತೇ ನೋಡಬಹುದು. ಉಮದಿಯ ಶಿಕ್ಷಕಿಯವರು ಮಕ್ಕಳನ್ನು ಅಲ್ಲಿಗೂ ಕರೆದೊಯ್ಯಬಹುದಾದರೆ ಒಳ್ಳೆಯದು. ಅಹ್ಮದ್ ಷಾನ ಗೋರಿಗೆ ಮಾತ್ರ ಒಂದು ಬ್ಯಾಟರಿ ದೀಪ ಜೊತೆಗಿರಲಿ. ಒಳಗೆ ಕತ್ತಲೆ ಹೆಚ್ಚು, ಬಣ್ಣಗಳು ಮೇಲಿವೆ.